ಕುಸಿದ ಗುಡ್ಡದ ಈಚೆ

ಮಾಲಾ ಹುಟ್ಟಾ ಅಂಜುಬುರುಕಿ ಎಂದು ಸಾಸ್ವೆಹಳ್ಳಿಯವರು ಈಗಲೂ ಹೇಳುತ್ತಾರೆ. ಕತ್ತಲಿಗೋ ಹಾವಿಗೋ ಅವಳು ಅಷ್ಟಾಗಿ ಅಂಜಿದವಳಲ್ಲ. ಮನೆಯಿಂದ ಹೊರಗೆ ಹೋದವರು ತಿರುಗಿ ಬರುವುದು ತಡವಾದರೆ ಮಾತ್ರ ಅವಳ ಎದೆ ಹಿಡಿದುಕೊಳ್ಳುತ್ತಿತ್ತು. ಅವಳ ತಾಯಿ ಗಿಡ್ಡಮ್ಮ ಅಡಿಕೆ ಸುಲಿಯುವ ಕಾಲದಲ್ಲಿ ನಲ್ಲೂರಿನ ಕಡೆ ಕೂಲಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಹೆಂಗಸರನ್ನೆಲ್ಲ ತುಂಬಿಕೊಂಡು ಹೋದ ಟೆಂಪೋ ಹೊತ್ತು ಮುಳುಗುವ ವೇಳೆಗೆ ತಿರುಗಿ ಬರಬೇಕು. ಬರದಿದ್ದರೆ ಮಾಲಾ ಊರ ಮುಂದಿನ ಕಟ್ಟೆಯ ಮೇಲೆ ನಿಂತು, ಟೆಂಪೋ ಕಾಲುವೆಗೆ ಬಿದ್ದಂತೆ, ಅವ್ವನ ಸೀರೆ ನೀರಲ್ಲಿ ತೇಲಿದಂತೆ ಕಣ್ಣೆದುರಿಗೇ ಕಾಣುತ್ತಿದ್ದಳು. ಟೆಂಪೋ ಬಂದಾಗ ಖುಷಿಪಡುವುದನ್ನು ಬಿಟ್ಟು ಅವ್ವನ ಮೇಲೇ ರೇಗುತ್ತಿದ್ದಳು. "ಯಾಕಿಷ್ಟೊತ್ತು ಮಾಡ್ದೆ?" ಎಂದು ಅಳುವ ಮಗಳನ್ನು ಗಿಡ್ಡಮ್ಮ ಅಡಿಕೆ ಚೊಗರು ಹತ್ತಿ ಕಪ್ಪಾದ ಕೈಯಲ್ಲೇ ಎಳೆದುಕೊಂಡು ಮನೆಗೆ ಹೋಗುತ್ತಿದ್ದಳು.

ಇಂಥವಳು ನರ್ಸ್ ಆಗಿದ್ದು ಹೇಗೆ ಎಂದು ಕೇಳಿದರೆ ಅವಳಿಗೂ ಸರಿಯಾಗಿ ಗೊತ್ತಿಲ್ಲ. ರಕ್ತ ಕಂಡರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಕಣ್ಣೆದುರಿಗೆ ಇರುವುದು ಎಷ್ಟೇ ಕೆಟ್ಟದಾಗಿದ್ದರೂ ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಓದು ಮುಗಿಸಿ ಚನ್ನಗಿರಿಯ ಆಸ್ಪತ್ರೆಗೆ ಸೇರಿದಳು. ಅಲ್ಲಿ ಹೆರಿಗೆ ವಾರ್ಡಿನಲ್ಲಿ ಮುಸ್ಲಿಂ ಹೆಂಗಸರ ಜೊತೆ ಮಾತಾಡಿ ಮಾತಾಡಿ ಒಂದಿಷ್ಟು ಉರ್ದು ಬಂತು. ಅದೇ ಹೊತ್ತಿಗೆ ಜಗಳೂರಿನಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಭೀಮೇಶ್, ಹೊನ್ನಾಳಿಯಲ್ಲಿ ಕರೆಂಟಿನ ಲೈನ್‌ಮನ್. ಹೆಣ್ಣು ನೋಡಲು ಬಂದ ದಿನ, ಏನಾದರೂ ಕೇಳುವುದಿದ್ದರೆ ಕೇಳಮ್ಮ ಎಂದು ಹಿರಿಯರು ಹೇಳಿದಾಗ ಮಾಲಾ ಕೇಳಿದ್ದು ಒಂದೇ ಮಾತು.

"ಕಂಬ ಹತ್ತೋದು ಬಿಟ್ಟು ಬ್ಯಾರೆ ಕೆಲಸ ತಗೊಳ್ಳಾಕೆ ಆಗಲ್ವಾ?"

ಭೀಮೇಶ್ ನಕ್ಕುಬಿಟ್ಟ. "ಲೈನ್‌ಮನ್ನು ಕಂಬ ಹತ್ತದೆ ಇನ್ನೇನು ತೆಂಗಿನಮರ ಹತ್ತಬೇಕೇನ್ರೀ?" ಎಂದ. ಎಲ್ಲರೂ ನಕ್ಕರು. ಮಾಲಾಗೂ ನಗು ಬಂತು. ಆ ನಗುವಿಗೇ ಒಪ್ಪಿಕೊಂಡೆ, ಆಮೇಲೆ ಇಪ್ಪತ್ತು ವರ್ಷ ಹೆದರಿದೆ ಎನ್ನುತ್ತಾಳೆ ಅವಳು.

ಮದುವೆಯಾದ ಮೇಲೆ ಅವಳಿಗೆ ನ್ಯಾಮತಿಗೆ ವರ್ಗವಾಯಿತು. ಮನೆಯನ್ನೂ ಅಲ್ಲೇ ಮಾಡಿದರು. ಮುಂಗಾರಿನ ಗಾಳಿ ಎದ್ದು ಮನೆಯ ದೀಪ ಹೋಯಿತೆಂದರೆ ಉಳಿದವರು ಮೇಣದಬತ್ತಿ ಹುಡುಕುತ್ತಾರೆ, ಮಾಲಾ ಫೋನನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಎಲ್ಲೋ ತಂತಿ ಹರಿದಿದೆ, ಭೀಮೇಶ್ ಎಲ್ಲೋ ಕಂಬದ ಮೇಲಿದ್ದಾನೆ. ಫೋನ್ ಮಾಡಬಾರದು, ಮಾಡಿದರೆ ಅವನ ಗಮನ ತಪ್ಪುತ್ತದೆ. ಅವನಾಗಿ ಮಾಡುವವನಲ್ಲ. ಮಗಳು ಸಂಧ್ಯಾರಾಣಿ ಚಿಕ್ಕವಳಿದ್ದಾಗಿನಿಂದ ಇದನ್ನು ನೋಡಿಯೇ ಬೆಳೆದಳು. "ಅಮ್ಮಾ, ಅಪ್ಪ ಬರ್ತಾರೆ, ನೀನು ಉಣ್ಣು" ಎಂದು ಅವಳೇ ತಟ್ಟೆ ಹಾಕಿಕೊಡುತ್ತಿದ್ದಳು.

ಹೀಗಿರುವಾಗ ಎರಡು ವರ್ಷದ ಹಿಂದೆ ಭೀಮೇಶನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಬೋರಣ್ಣ ತೀರಿಕೊಂಡ. ಕಂಬದಿಂದ ಬಿದ್ದು ಅಲ್ಲ, ಮನೆಯಲ್ಲಿ ಕೂತು ಟೀ ಕುಡಿಯುತ್ತಾ ಎದೆ ಹಿಡಿದುಕೊಂಡು ಹೋದ. ರಿಟೈರ್ ಆದ ಮೇಲೆ ಕಾಶಿಗೆ ಹೋಗಬೇಕು, ಅಲ್ಲಿಗೆ ಹೋಗಬೇಕು, ಇಲ್ಲಿಗೆ ಹೋಗಬೇಕು ಎಂದು ಹೇಳಿಕೊಂಡೇ ಇದ್ದ ಮನುಷ್ಯ. ಮಣ್ಣು ಮಾಡಿ ಬಂದ ಭೀಮೇಶ್ ಮಾರನೇ ದಿನವೇ ಕೆಲಸಕ್ಕೆ ಹೋದ. ಆಮೇಲೆ ಒಂದು ಸಂಜೆ, ಅಂಗಳದಲ್ಲಿ ತನ್ನ ಬುಲೆಟ್ ಒರೆಸುತ್ತಾ ಹೇಳಿದ.

"ಮಾಲಾ, ನಾನು ತಾಬೊಗೆ ಹೋಗಿಬರ್ತೀನಿ. ಇದ್ರಾಗೇ."

ತಾಬೊ ಎಂದರೇನೆಂದು ಅವಳಿಗೆ ಗೊತ್ತಿತ್ತು. ಜಗಳೂರಿನ ಮನೆಯಲ್ಲಿ ಅವಳ ಮಾವ ಹನುಮಂತಪ್ಪ ಗೋಡೆಗೆ ಬಾಬಾಸಾಹೇಬರ ಪಟದ ಪಕ್ಕ ಹಳೇ ಕ್ಯಾಲೆಂಡರಿನ ಒಂದು ಚಿತ್ರವನ್ನು ಚೌಕಟ್ಟು ಹಾಕಿಸಿ ಇಟ್ಟಿದ್ದರು. ಒಂದು ಹುಲ್ಲುಕಡ್ಡಿಯೂ ಇಲ್ಲದ ಬೋಳು ಬೆಟ್ಟಗಳು, ನಡುವೆ ಮಣ್ಣಿನ ಗೋಡೆಯ ಒಂದು ಹಳೇ ಬೌದ್ಧ ವಿಹಾರ, ದೂರದ ಹಿಮಾಚಲದ ತಾಬೊ ಊರಿನದು. ಹನುಮಂತಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಾಗಿನಿಂದ ಅದು ಅಲ್ಲೇ ಇತ್ತು. ಹುಡುಗನಾಗಿದ್ದಾಗ ಭೀಮೇಶ್ ಅದರ ಕೆಳಗೇ ಮಲಗುತ್ತಿದ್ದ.

"ರೈಲಿಗೆ ಹೋಗ್ರಿ" ಎಂದಳು ಮಾಲಾ.

"ರೈಲು ಅಲ್ಲಿಗೆ ಹೋಗಲ್ಲ."

"ಹಂಗಾರೆ ಬಸ್ಸಿಗೆ ಹೋಗ್ರಿ."

"ಗಾಡೀಲೇ ಹೋಗ್ತೀನಿ. ಒಂದ್ಸಲ ಹೋಗಿ ಬಂದ್ರೆ ಸಾಕು, ಆಮೇಲೆ ನೀ ಹೇಳಿದಂಗೆ ಕೇಳ್ತೀನಿ."

ಅಂದು ಅವಳು ಅನ್ನಕ್ಕೆ ನೀರು ಇಡುವುದನ್ನೂ ಮರೆತು ಅಡುಗೆಮನೆಯಲ್ಲಿ ನಿಂತಿದ್ದಳು. ತಿಂಗಳುಗಟ್ಟಲೆ ಅವನು ಗೊತ್ತಿಲ್ಲದ ದೇಶದಲ್ಲಿರುತ್ತಾನೆ, ತಾನು ಇಲ್ಲಿ ಫೋನು ಹಿಡಿದು ಕೂತಿರುತ್ತೇನೆ. ಬೇಡ ಎಂದರೆ ಬಿಡುವವನಲ್ಲ, ಬಿಟ್ಟರೂ ಬೋರಣ್ಣನಂತೆ ಹಲುಬುತ್ತಾ ಇರುತ್ತಾನೆ. ಕೊನೆಗೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ನಾನೂ ಬರ್ತೀನಿ."

"ನೀನಾ?" ಎಂದು ಭೀಮೇಶ್ ಬಟ್ಟೆ ಕೆಳಗಿಟ್ಟ. "ಶಿವಮೊಗ್ಗಕ್ಕೆ ಹೋಗಾಕೇ ನೀನು ಕಣ್ಣು ಮುಚ್ಕಂಡು ಕೂರ್ತೀಯ."

"ಮನೇಲಿ ಕೂತು ಸಾಯೋದಕ್ಕಿಂತ ಹಿಂದೆ ಕೂತು ಹೆದರ್ಕೊಳ್ಳೋದೇ ವಾಸಿ. ಆದ್ರೆ ಒಂದು ಮಾತು. ನನಗೆ ಎಲ್ಲಿ ಭಯ ಆಗ್ತದೋ ಅಲ್ಲಿ ನಿಲ್ಲಿಸಬೇಕು. ನಾನು ಇಳಿದು ನಡ್ಕೊಂಡು ಬರ್ತೀನಿ."

ಅವನು ಒಪ್ಪಿಕೊಂಡ. ಆ ಮಾತು ಮುಂದೆ ತಮ್ಮಿಬ್ಬರನ್ನೂ ಎಲ್ಲಿ ತಂದು ನಿಲ್ಲಿಸುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಗಣೇಶನ ಹಬ್ಬ ಮುಗಿದು ಮಳೆ ಕಡಿಮೆಯಾದ ಮೇಲೆ ಇಬ್ಬರೂ ಹೊರಟರು. ಸಂಧ್ಯಾರಾಣಿ ದಾವಣಗೆರೆಯ ಹಾಸ್ಟೆಲಿನಿಂದ ಬಂದು ಅಮ್ಮನಿಗೆ ಹೆಲ್ಮೆಟ್ಟಿನ ಪಟ್ಟಿ ಹಾಕುವುದನ್ನು ಹೇಳಿಕೊಟ್ಟಳು. ಮಳೆಗೆಂದು ಬ್ಯಾಗುಗಳಿಗೆ ಹಳದಿ ಬಣ್ಣದ ಹೊದಿಕೆ ತಂದಿದ್ದಳು. ಜಗಳೂರಿನಲ್ಲಿ ಒಂದು ರಾತ್ರಿ ಉಳಿದರು. ಹನುಮಂತಪ್ಪನವರಿಗೆ ಈಗ ಕಿವಿ ಮಂದ. ಮಗ ತಾಬೊ ಎಂದದ್ದು ಮೂರು ಸಲ ಕೇಳಿದ ಮೇಲೆ ಅವರಿಗೆ ಅರ್ಥವಾಯಿತು. ಎದ್ದು ಹೋಗಿ ಸೊಸೆಯ ಕೈಗೆ ತಮ್ಮ ಮಫ್ಲರ್ ಕೊಟ್ಟರು.

ಹೊಸಪೇಟೆ ದಾಟಿ, ಹೈದರಾಬಾದಿನ ಹೊರಗಿನಿಂದ ಹಾದು, ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧರಾದ ದೀಕ್ಷಾಭೂಮಿಗೆ ನಮಸ್ಕಾರ ಮಾಡಿ ಮೇಲಕ್ಕೆ ಹೋದರು. ಬಯಲಿನ ರಸ್ತೆಯಲ್ಲಿ ಮಾಲಾಗೆ ಲಾರಿಗಳ ಭಯ. ಹಿಂದಿನಿಂದ ಲಾರಿ ಹಾರನ್ ಮಾಡಿದರೆ ಭೀಮೇಶನ ಜರ್ಕಿನ್ನಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು. "ಏ ಮಾರಾಯ್ತಿ, ಹೊಟ್ಟೆ ಕಿತ್ತು ಬರ್ತೈತೆ!" ಎಂದು ಅವನು ಕೂಗುತ್ತಿದ್ದ. ಹಾಗಿದ್ದೂ ಅವಳಿಗೆ ಒಂದು ನೆಮ್ಮದಿ ಇತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ದಿನವಿಡೀ ಅವಳ ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದ. ಏನಾದರೂ ಆದರೆ ತನಗೂ ಆಗುತ್ತದೆ, ಸುದ್ದಿ ಕಾಯುವ ಕೆಲಸ ಇರುವುದಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಹೇಳಿದರೆ ಹುಚ್ಚಿ ಎನ್ನುತ್ತಾರೆ.

ಶಿಮ್ಲಾ ದಾಟಿದ ಮೇಲೆ ರಸ್ತೆಯ ಸ್ವಭಾವವೇ ಬದಲಾಯಿತು. ಕೆಳಗೆ ಸಟ್ಲೆಜ್ ನದಿ ಸಿಮೆಂಟು ಕಲಸಿದ ನೀರಿನಂತೆ ಬೂದುಬಣ್ಣದಲ್ಲಿ ಮೊರೆಯುತ್ತಿತ್ತು. ಕೆಲವು ಕಡೆ ಬಂಡೆಯನ್ನೇ ಕೊರೆದು ದಾರಿ ಮಾಡಿದ್ದರು, ತಲೆಯ ಮೇಲೆ ಬಂಡೆ, ಪಕ್ಕದಲ್ಲಿ ಪಾತಾಳ. ತಡೆಗೋಡೆ ಇರಲಿಲ್ಲ. ಎದುರಿಗೆ ಬಸ್ಸು ಬಂದರೆ ಭೀಮೇಶ್ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸುತ್ತಿದ್ದ. ಬಸ್ಸಿನ ಮೈ ಮೊಣಕಾಲಿಗೆ ಸವರುವಂತೆ ಹೋಗುತ್ತಿತ್ತು. ಮಾಲಾ ಸಾಸ್ವೆಹಳ್ಳಿಯ ಹೊಳೆದಂಡೆ ಚೌಡಮ್ಮನನ್ನು ಕರೆಯುತ್ತಿದ್ದಳು. ಗಂಡನ ಮನೆಯಲ್ಲಿ ಬುದ್ಧನ ಮುಂದೆ ದೀಪ ಹಚ್ಚುವುದನ್ನು ಕಲಿತಿದ್ದರೂ, ಜೀವ ಹೋಗುವಂಥ ಹೊತ್ತಿನಲ್ಲಿ ಬಾಯಿಗೆ ಬರುತ್ತಿದ್ದುದು ತವರಿನ ಚೌಡಮ್ಮನೇ. ಭೀಮೇಶನಿಗೆ ಅದು ಕೇಳಿಸುತ್ತಿತ್ತು.

"ಚೌಡಮ್ಮ ಅಲ್ಲಿಂದ ಇಲ್ಲಿಗೆ ಬರಾಕೆ ಬಾಳ ಹೊತ್ತಾಗ್ತೈತೆ ಕಣೇ" ಎನ್ನುತ್ತಿದ್ದ.

"ನೀವು ಸುಮ್ನೆ ಮುಂದೆ ನೋಡ್ಕಂಡು ಓಡಿಸ್ರಿ."

ರಸ್ತೆಗೆ ಅಡ್ಡವಾಗಿ ಬೆಟ್ಟದಿಂದ ಇಳಿದು ಬರುವ ಹಳ್ಳಗಳೆಂದರೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ. ಅಲ್ಲಿ ಸೇತುವೆ ಇರುವುದಿಲ್ಲ, ಕಲ್ಲಿನ ಮೇಲೆ ನೀರು ಹರಿಯುತ್ತಿರುತ್ತದೆ, ಗಾಡಿಯ ಚಕ್ರ ಜಾರಿದರೆ ಕೆಳಗೆ ಹಿಡಿಯಲು ಏನೂ ಇಲ್ಲ. ಇಂಥ ಕಡೆ ಅವಳು ಬೆನ್ನು ತಟ್ಟುತ್ತಿದ್ದಳು, ಅವನು ನಿಲ್ಲಿಸುತ್ತಿದ್ದ. ಅವನು ಮೊದಲು ದಾಟಿ ಆಚೆ ಕಾಯುವುದು, ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಕೊಂಡು ಹೋಗುವುದು. ಹೀಗೇ ಅಭ್ಯಾಸವಾಗಿಬಿಟ್ಟಿತ್ತು.

ನಾಕೋ ಎಂಬ ಊರಿನಲ್ಲಿ ಒಂದು ರಾತ್ರಿ ಉಳಿದರು. ಇನ್ನು ಒಂದು ದಿನ ಹೋದರೆ ತಾಬೊ. ರಾತ್ರಿ ಸಣ್ಣ ಮಳೆ ಹಿಡಿದು ಬೆಳಿಗ್ಗೆ ಬಿಟ್ಟಿತ್ತು. ಬೆಟ್ಟಗಳೆಲ್ಲ ತೊಳೆದಿಟ್ಟಂತೆ ಹೊಳೆಯುತ್ತಿದ್ದವು, ಒಂದು ಕೆಂಪು, ಒಂದು ನೀಲಿ, ಒಂದು ಬೂದಿ. ದೂರದಲ್ಲಿ ಹಿಮದ ಗೆರೆ. ಅಂಥ ಚೆಲುವನ್ನು ಮಾಲಾ ಕಂಡಿರಲಿಲ್ಲ. ಒಂದು ತಿರುವಿನಲ್ಲಿ ಅವಳೇ ಗಾಡಿ ನಿಲ್ಲಿಸಿ ಎಂದು ಹೇಳಿದಳು, ಹೆದರಿಕೆಗೆ ಅಲ್ಲದೆ ಬರೀ ನೋಡುವುದಕ್ಕೆ. ಭೀಮೇಶ್ ಹೆಲ್ಮೆಟ್ ತೆಗೆದು ಅವಳ ಮುಖವನ್ನೇ ನೋಡುತ್ತಾ ನಿಂತ.

ಅಲ್ಲಿಂದ ಸ್ವಲ್ಪ ಮುಂದೆ ಒಂದು ಹಳ್ಳ ಬಂತು. ಗುಡ್ಡದ ಮೈಯೆಲ್ಲ ಸಡಿಲ ಮಣ್ಣು ಮತ್ತು ಕಲ್ಲು. ರಸ್ತೆ ಕೆಲಸದವರು ಇದ್ದರು. ತಲೆಗೆ ಬಟ್ಟೆ ಸುತ್ತಿದ್ದ ಒಬ್ಬ ಹೆಂಗಸು ಕೆಂಪು ಬಾವುಟ ಹಿಡಿದು ಗಾಡಿಗಳನ್ನು ಒಂದೊಂದಾಗಿ ಬಿಡುತ್ತಿದ್ದಳು. ಮಾಲಾ ಎಂದಿನಂತೆ ಬೆನ್ನು ತಟ್ಟಿದಳು.

"ಇಲ್ಲಿ ಇಳಿಯಬ್ಯಾಡ, ಕೂತ್ಕೋ. ಬೇಗ ದಾಟಿಬಿಡಾಣ" ಎಂದ ಭೀಮೇಶ್.

"ಇಳೀತೀನಿ. ನೀವು ಹೋಗ್ರಿ."

ಅವನು ಇನ್ನೊಂದು ಸಲ ಹೇಳಲಿಲ್ಲ. ಗಾಡಿ ಕಲ್ಲುಗಳ ಮೇಲೆ ಕುಣಿಯುತ್ತಾ ನೀರು ದಾಟಿತು. ಆಚೆ ದಡ ಹತ್ತಿ, ನಿಲ್ಲಲು ಸರಿಯಾದ ಜಾಗವಿಲ್ಲದ್ದರಿಂದ ತಿರುವಿನ ಹಿಂದಕ್ಕೆ ಹೋಯಿತು. ಬುಲೆಟ್ಟಿನ ಸದ್ದು ಕೇಳಿಸುತ್ತಿತ್ತು, ಆಮೇಲೆ ಅದೂ ನಿಂತಿತು. ಮಾಲಾ ಚಪ್ಪಲಿ ಬಿಚ್ಚಿ ಪ್ಯಾಂಟು ಮಡಚುತ್ತಿದ್ದಾಗ ಮೇಲಿನಿಂದ ಒಂದು ಕಲ್ಲು ಉರುಳಿ ಬಂದು ನೀರಿಗೆ ಬಿತ್ತು. ಹಿಂದೆಯೇ ಇನ್ನೊಂದು. ಬಾವುಟದ ಹೆಂಗಸು ಏನೋ ಕಿರುಚಿದಳು. ಮಾಲಾ ತಲೆಯೆತ್ತಿ ನೋಡಿದಾಗ ಇಡೀ ಗುಡ್ಡವೇ ಜರುಗುತ್ತಿರುವಂತೆ ಕಂಡಿತು.

ಯಾರೋ ಅವಳನ್ನು ಜರ್ಕಿನ್ ಹಿಡಿದು ಹಿಂದಕ್ಕೆ ಎಳೆದರು. ಆಮೇಲೆ ಕೇಳಿಸಿದ್ದು ಬರೀ ಸದ್ದು, ನೂರಾರು ಲಾರಿ ಜಲ್ಲಿಯನ್ನು ಒಟ್ಟಿಗೆ ಸುರಿದ ಹಾಗೆ. ಧೂಳು ಎದ್ದು ಪಕ್ಕದವರೂ ಕಾಣದಂತಾಯಿತು. ಎಲ್ಲರೂ ಕೆಮ್ಮುತ್ತಾ ಓಡಿದರು. ಸದ್ದು ನಿಂತು ಧೂಳು ಇಳಿದಾಗ ಹಳ್ಳ ಇರಲಿಲ್ಲ, ರಸ್ತೆ ಇರಲಿಲ್ಲ, ತಿರುವೂ ಇರಲಿಲ್ಲ. ಅವೆಲ್ಲ ಇದ್ದ ಜಾಗದಲ್ಲಿ ಮೇಲಿನಿಂದ ನದಿಯವರೆಗೂ ಹಸಿ ಮಣ್ಣಿನ ಒಂದು ದಿಬ್ಬ ಬಿದ್ದಿತ್ತು.

"ರೀ!" ಎಂದು ಕೂಗಿದಳು. ಅಷ್ಟೇ. ಗಂಡನ ಹೆಸರು ಕರೆದು ಅಭ್ಯಾಸವಿರಲಿಲ್ಲ. ಎರಡನೇ ಸಲ "ಭೀಮೇಶ್!" ಎಂದು ಕಿರುಚಿದಳು, ಮದುವೆಯಾದ ಮೇಲೆ ಮೊದಲ ಸಲ. ಕೆಳಗಿನ ನದಿಯ ಮೊರೆತದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ದಿಬ್ಬದ ಕಡೆಗೆ ಓಡಿದಳು. ಬಾವುಟದ ಹೆಂಗಸು ಹಿಂದಿನಿಂದ ಬಂದು ಸೊಂಟಕ್ಕೆ ಎರಡೂ ಕೈ ಸುತ್ತಿ ಹಿಡಿದು ಕೂರಿಸಿಬಿಟ್ಟಳು. ಮೇಲಿನಿಂದ ಇನ್ನೂ ಕಲ್ಲು ಉರುಳುತ್ತಿದ್ದವು. ಮಾಲಾ ಅವಳ ಕೈಯನ್ನು ಕಚ್ಚಿದಳು ಎಂದು ಆಮೇಲೆ ಗೊತ್ತಾಯಿತು. ಆ ಹೆಂಗಸು ಆಗಲೂ ಬಿಡಲಿಲ್ಲ.

ಅವಳ ಹೆಸರು ಫುಲ್ಮನಿ. ಜಾರ್ಖಂಡಿನವಳು, ಗಂಡನ ಜೊತೆ ರಸ್ತೆ ಕೆಲಸಕ್ಕೆ ಬಂದಿದ್ದಳು. ಮಾಲಾ ತನಗೆ ಬರುವ ಚನ್ನಗಿರಿ ಉರ್ದುವಿನಲ್ಲಿ "ಮೇರಾ ಆದ್ಮಿ ಉಧರ್ ಹೈ, ಉಧರ್ ಹೈ" ಎಂದು, ಗಂಡ ಆಚೆ ಇದ್ದಾನೆ ಎನ್ನುವುದೊಂದನ್ನೇ ಹೇಳುತ್ತಿದ್ದಳು. ಫುಲ್ಮನಿ ತಲೆ ಆಡಿಸಿದಳು. ಅಲ್ಲಿ ನಿಂತಿದ್ದ ಟ್ಯಾಕ್ಸಿಯ ಡ್ರೈವರ್ ಇನ್ನೊಬ್ಬನಿಗೆ ಮೆಲ್ಲಗೆ ಏನೋ ಹೇಳಿದ. ಮೆಲ್ಲಗೆ ಹೇಳಿದರೂ ಮಾಲಾಗೆ ಅರ್ಥವಾಯಿತು. ಒಂದು ಬೈಕು ಮಣ್ಣಿನೊಳಗೆ ಹೋಗಿರಬೇಕು ಎಂದಿದ್ದ.

ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಫೋನಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಯಾರೋ ನಾಕೋಗೆ ಹೋಗಿ ತಿಳಿಸಿ ಬಂದರು. ಮಣ್ಣು ತೆಗೆಯುವ ಮಿಷನ್ ಬರುವುದು ನಾಳೆ ಬೆಳಿಗ್ಗೆ, ಮಣ್ಣು ಇನ್ನೂ ಇಳಿಯುತ್ತಿದೆ, ಯಾರೂ ಹತ್ತಿರ ಹೋಗಬಾರದು ಎಂದು ಅಧಿಕಾರಿಯೊಬ್ಬರು ಹೇಳಿದರು. ಆಚೆ ಕಡೆಯಿಂದ ಏನಾದರೂ ಸುದ್ದಿ ಇದೆಯೇ ಎಂದು ಕೇಳಿದರೆ, ಇಲ್ಲ, ಆದರೆ ಗಾಬರಿಯಾಗಬೇಡಿ ಎಂದರು. ಗಾಬರಿಯಾಗಬೇಡಿ ಎಂದು ಇಪ್ಪತ್ತು ವರ್ಷ ಕಾಯಿಲೆಯವರ ಕಡೆಯವರಿಗೆ ಮಾಲಾ ಹೇಳುತ್ತಾ ಬಂದಿದ್ದಳು. ಆ ಮಾತಿನ ಒಳಗೆ ಏನೂ ಇಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಟ್ಯಾಕ್ಸಿಯವರು ನಾಕೋಗೆ ತಿರುಗಿ ಹೊರಟಾಗ ಅವಳನ್ನೂ ಕರೆದರು. ಅವಳು ಏಳಲಿಲ್ಲ. ಇಲ್ಲಿಂದ ಎದ್ದರೆ ಅವನನ್ನು ಬಿಟ್ಟು ಹೋದಂತೆ ಅನ್ನಿಸಿತು. ತಾನು ಬೆನ್ನು ತಟ್ಟದಿದ್ದರೆ, ಇಳಿಯದೆ ಕೂತಿದ್ದರೆ, ಇಬ್ಬರೂ ಇಷ್ಟು ಹೊತ್ತಿಗೆ ಎಷ್ಟೋ ದೂರ ಹೋಗಿರುತ್ತಿದ್ದರು. ಅವನು ಕೂತ್ಕೋ ಎಂದನಲ್ಲ, ಒಂದು ಸಲ ಎಂದನಲ್ಲ. ಇದೇ ಮಾತು ತಲೆಯಲ್ಲಿ ತಿರುಗಿ ತಿರುಗಿ ಕೊನೆಗೆ ಮಾತಿನ ಅರ್ಥವೇ ಹೋಗಿ ಬರೀ ಸದ್ದು ಉಳಿಯಿತು.

ಹೊತ್ತು ಇಳಿಯುವ ಮೊದಲು ಬಿಸಿಲು ಓರೆಯಾಗಿ ಕಣಿವೆಯ ಒಳಗೆ ಬಿತ್ತು. ಆಗ ಕಂಡಿತು. ಕೆಳಗೆ, ನದಿಗೆ ಇನ್ನೇನು ಬೀಳಬೇಕು ಎನ್ನುವಂತೆ, ಮಣ್ಣಿನಲ್ಲಿ ಅರ್ಧ ಹೂತು ಹಳದಿ ಬಣ್ಣದ ಏನೋ ಒಂದು. ಸಂಧ್ಯಾರಾಣಿ ತಂದುಕೊಟ್ಟ ಹೊದಿಕೆ. ಭೀಮೇಶ್ ಅವತ್ತು ಬೆಳಿಗ್ಗೆ ತಾನೇ ಹಗ್ಗ ಬಿಗಿದು ಕಟ್ಟಿದ್ದ ಬ್ಯಾಗು.

ಮಾಲಾ ಅಳಲಿಲ್ಲ. ಕೈ ಎತ್ತಿ ಫುಲ್ಮನಿಗೆ ಅದನ್ನು ತೋರಿಸಿದಳು. ಫುಲ್ಮನಿ ನೋಡಿದಳು, ತನ್ನ ಗಂಡನ ಉಣ್ಣೆಯ ಕೋಟು ತಂದು ಅವಳಿಗೆ ಹೊದೆಸಿದಳು. ಆ ರಾತ್ರಿ ಅವರ ತಗಡಿನ ಶೆಡ್ಡಿನಲ್ಲಿ ಮಾಲಾ ಗೋಡೆಗೆ ಒರಗಿ ಕೂತೇ ಇದ್ದಳು. ಮಗಳಿಗೆ ಏನೆಂದು ಹೇಳುವುದು, ಮಾವನ ಮಂದ ಕಿವಿಗೆ ಇದನ್ನು ಎಷ್ಟು ಸಲ ಕೂಗಿ ಹೇಳಬೇಕಾಗುತ್ತದೆ ಎಂದು ಯೋಚಿಸಿದಳು. ಚೌಡಮ್ಮನನ್ನೂ ಕರೆಯಲಿಲ್ಲ, ಬುದ್ಧನನ್ನೂ ನೆನೆಯಲಿಲ್ಲ. ಮೇಲಿನಿಂದ ಕಲ್ಲು ಉರುಳಿದಾಗಲೆಲ್ಲ ಫುಲ್ಮನಿ ನಿದ್ದೆಯಲ್ಲೇ ಕೈ ಚಾಚಿ ಅವಳು ಅಲ್ಲೇ ಇದ್ದಾಳೋ ಎಂದು ಮುಟ್ಟಿ ನೋಡುತ್ತಿದ್ದಳು.

ಬೆಳಗಾದ ಮೇಲೆ ಜೆಸಿಬಿ ಬಂತು. ಆಚೆ ಕಡೆಯಿಂದಲೂ ಒಂದು ಮಿಷನ್ನಿನ ಸದ್ದು ಕೇಳಿಸುತ್ತಿತ್ತು. ದಿಬ್ಬದ ಮೇಲೆ ಹತ್ತಿ ನಿಂತ ಕೆಲಸದವನೊಬ್ಬ ಆಚೆಯವರಿಗೆ ಕೂಗಿ ಮಾತಾಡಲು ಶುರುಮಾಡಿದ. ಮಾಲಾ ಅವನ ಹತ್ತಿರ ಓಡಿ ಹೋಗಿ ಕೇಳಲು ಹೇಳಿದಳು. ಬೈಕಿನ ಮನುಷ್ಯ, ಕರ್ನಾಟಕದವನು, ಗಡ್ಡ ಇಲ್ಲ, ನೀಲಿ ಜರ್ಕಿನ್. ಅವನು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. ಆಚೆಯಿಂದ ಏನೋ ಬಂತು.

"ಕ್ಯಾ ಬೋಲಾ?" ಎಂದಳು ಮಾಲಾ.

ಅವನು ಇವಳ ಮುಖ ನೋಡಿ ಬೇರೆ ಕಡೆ ತಿರುಗಿದ. "ನಹೀ ಬೋಲಾ." ಅಂಥವನು ಇಲ್ಲ ಎಂದರಂತೆ.

ಅವಳು ಅಲ್ಲೇ ಮಣ್ಣಿನ ಮೇಲೆ ಕೂತಳು. ಕಿವಿಯಲ್ಲಿ ಜೇನುಹುಳು ಹೊಕ್ಕಂತೆ ಗುಂಯ್ ಎನ್ನುತ್ತಿತ್ತು. ಆಸ್ಪತ್ರೆಯಲ್ಲಿ ಹೀಗೆ ಕೂತವರಿಗೆ ನೀರು ಕೊಡುತ್ತಾರೆ, ಬೆನ್ನು ಸವರುತ್ತಾರೆ ಎಂದು ಮಾತ್ರ ತೋಚಿತು. ಫುಲ್ಮನಿ ಬಂದು ಅವಳ ಪಕ್ಕ ಕೂತು ಬೆನ್ನು ಸವರಿದಳು.

ಕೆಲಸದವರು ಚಹಾ ಕುಡಿಯಲೆಂದು ಎರಡೂ ಕಡೆಯ ಮಿಷನ್ ನಿಲ್ಲಿಸಿದರು. ಫುಲ್ಮನಿ ಎದ್ದು ದಿಬ್ಬ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ಆಚೆಗೆ ಕೂಗಿದಳು. ಅವಳ ದನಿ ಗಂಡಸರದಕ್ಕಿಂತ ಚೂಪು. ಅವಳು ಕೇಳಿದ್ದು, ಯಾರಾದರೂ ಒಬ್ಬ ಗಂಡಸು ತನ್ನ ಹೆಂಡತಿಗಾಗಿ ಅಲ್ಲಿ ಅಳುತ್ತಿದ್ದಾನಾ ಎಂದು. ಈ ಸಲ ಆಚೆಯಿಂದ ಬಂದ ಮಾತು ಉದ್ದವಾಗಿತ್ತು. ಫುಲ್ಮನಿ ತಿರುಗಿ ಮಾಲಾಳನ್ನು ನೋಡಿ ಎರಡೂ ಕೈ ಮೇಲೆತ್ತಿ ಆಡಿಸಿದಳು.

"ಹೈ! ಹೈ! ಏಕ್ ಪಾಗಲ್ ಹೈ, ಹಾಥ್ ಟೂಟಾ ಹೈ, ಬೀವಿ ಬೀವಿ ಕರ್ತಾ ಹೈ!"

ಕೈ ಮುರಿದುಕೊಂಡು, ಹೆಂಡತಿ ಹೆಂಡತಿ ಎಂದು ಮಣ್ಣು ಅಗೆಯುತ್ತಿದ್ದ ಹುಚ್ಚನೊಬ್ಬನ ಬಗ್ಗೆ ಆಚೆಯವರಿಗೆ ಗೊತ್ತಿತ್ತು, ಅವನ ಗಾಡಿಯ ಬಗ್ಗೆ ಗೊತ್ತಿರಲಿಲ್ಲ. ಗಾಡಿ ತಿರುವಿನಿಂದ ದೂರದಲ್ಲಿ ನಿಂತಿತ್ತು. ಬೈಕಿನವನು ಎಂದು ಕೇಳಿದ್ದಕ್ಕೆ ಇಲ್ಲ ಎಂದಿದ್ದರು, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ದಿಬ್ಬದ ಮೇಲೆ ಒಬ್ಬರು ನಡೆಯುವಷ್ಟು ದಾರಿ ಮಾಡಿದರು. ಗುಡ್ಡದ ಮೇಲೆ ಒಬ್ಬನನ್ನು ಕಾವಲು ನಿಲ್ಲಿಸಿ, ಅವನು ಸೀಟಿ ಊದಿದರೆ ಓಡಬೇಕು ಎಂದು ಹೇಳಿ ಒಬ್ಬೊಬ್ಬರನ್ನೇ ಬಿಟ್ಟರು. ಕಾಲಿಟ್ಟ ಕಡೆಯೆಲ್ಲ ಮಣ್ಣು ಕುಸಿಯುತ್ತಿತ್ತು. ಎಡಕ್ಕೆ ನೋಡಿದರೆ ಮೇಲೆ ನೇತಾಡುತ್ತಿರುವ ಬಂಡೆ, ಬಲಕ್ಕೆ ನೋಡಿದರೆ ನದಿ. ಮಾಲಾ ಯಾವತ್ತೂ ಹೆದರದಷ್ಟು ಹೆದರಿದ್ದಳು. ಧೈರ್ಯ ಬಂದು ನಡೆದಳು ಎಂದು ಯಾರಾದರೂ ಅಂದುಕೊಂಡರೆ ಅದು ಸುಳ್ಳು ಎನ್ನುತ್ತಾಳೆ. ನಡುವೆ ಒಂದು ಕಡೆ ಕೈಕಾಲು ಊರಿ ಮಗುವಿನಂತೆ ಅಂಬೆಗಾಲಿಟ್ಟು ಹೋದಳು. ಸೀಟಿ ಊದಲಿಲ್ಲ.

ಭೀಮೇಶ್ ಆಚೆ ಕಡೆ ಒಂದು ಕಲ್ಲಿನ ಮೇಲೆ ಕೂತಿದ್ದ. ಮೈಯೆಲ್ಲ ಬೂದಿ ಬಳಿದುಕೊಂಡಂತೆ ಧೂಳು. ಎಡಗೈಯನ್ನು ಯಾರದೋ ಟವೆಲಿನಲ್ಲಿ ಕತ್ತಿಗೆ ಕಟ್ಟಿದ್ದರು. ಬಲಗೈಯ ಉಗುರುಗಳು ಒಡೆದು ರಕ್ತ ಹೆಪ್ಪುಗಟ್ಟಿತ್ತು. ಅವಳನ್ನು ಕಂಡು ಏಳಲು ಹೋದ, ಆಗಲಿಲ್ಲ. ಮಾಲಾ ಅವನ ಮುಂದೆ ಕೂತು ಮೊದಲು ಕೈ ನೋಡಿದಳು.

"ಬೆರಳು ಆಡಿಸ್ರಿ."

ಅವನು ಆಡಿಸಿದ.

"ಇಲ್ಲಿ ಮುಟ್ಟಿದ್ರೆ ಗೊತ್ತಾಗ್ತೈತಾ?"

"ಹ್ಞೂಂ."

"ರಾತ್ರಿ ಏನಾದ್ರೂ ತಿಂದ್ರಾ?"

ಅವನು ತಲೆಯನ್ನು ಅವಳ ಹೆಗಲಿಗೆ ಇಟ್ಟು ಅಳತೊಡಗಿದ. ಅವನು ಅತ್ತಿದ್ದನ್ನು ಅವಳು ನೋಡಿರಲಿಲ್ಲ, ಬೋರಣ್ಣ ಹೋದಾಗಲೂ ಅತ್ತಿರಲಿಲ್ಲ. ರಸ್ತೆಯ ಕೆಲಸದವರು ಆ ಕಡೆ ಮುಖ ಮಾಡಿ ನಿಂತರು.

ಏನಾಯಿತೆಂದು ಸ್ವಲ್ಪ ಸ್ವಲ್ಪವಾಗಿ ಹೇಳಿದ. ಹಳ್ಳದಲ್ಲಿ ಗಾಡಿ ಕುಣಿದಾಗ ಬ್ಯಾಗಿನ ಹಗ್ಗ ಸಡಿಲವಾಗಿ, ತಿರುವಿನಲ್ಲಿ ಬ್ಯಾಗು ಕೆಳಗೆ ಉರುಳಿತ್ತು. ತಿರುವಿನಾಚೆ ಗಾಡಿ ನಿಲ್ಲಿಸಿದ ಮೇಲೆ ಅದು ಅವನ ಗಮನಕ್ಕೆ ಬಂತು. ತರಲೆಂದು ನಡೆದುಕೊಂಡು ವಾಪಸು ಬರುವಾಗ ಗುಡ್ಡ ಜರುಗಿತು. ಒಂದು ಕಲ್ಲು ಕೈಗೆ ಬಡಿಯಿತು. ಅವನು ಓಡಿ ಉಳಿದ.

"ನೀನು ಆಗ್ಲೇ ನೀರಿಗೆ ಇಳಿದಿದ್ದೆ ಅಂದ್ಕೊಂಡೆ ಕಣೇ. ತಿರುವು ತಿರುಗೋವಾಗ ನಾನು ಕನ್ನಡೀಲಿ ನೋಡ್ದಾಗ ನೀನು ಚಪ್ಪಲಿ ಬಿಚ್ಚಾಕೆ ಬಗ್ಗಿದ್ದೆ. ಅಷ್ಟೊತ್ತಿಗೆ ನಡು ಹಳ್ಳದಾಗೆ ಇರ್ತೀಯ ಅಂತ ಲೆಕ್ಕ ಹಾಕ್ದೆ. ಅಲ್ಲೇ ಅಗದೆ. ಅವರು ಎಳ್ಕೊಂಡು ಹೋದ್ರೂ ಮತ್ತೆ ಬಂದು ಅಗದೆ."

ಒಡೆದ ಉಗುರು ನೋಡಿಕೊಳ್ಳುತ್ತಾ ಕೇಳಿದ. "ನಾನು ಲೈನ್ ಮೇಲೆ ಹೋದಾಗ ನಿನಗೆ ಹಿಂಗೇ ಆಗ್ತೈತಾ?"

"ಇಷ್ಟು ಆಗಲ್ಲ. ಆದ್ರೆ ಇದೇ ಜಾತಿದು" ಎಂದಳು ಮಾಲಾ.

ಅಲ್ಲಿಂದ ಒಂದು ಪಿಕಪ್ ಗಾಡಿಯಲ್ಲಿ ಬುಲೆಟ್ಟನ್ನು ಹಾಕಿಸಿಕೊಂಡು ತಾಬೊಗೆ ಹೋದರು. ಹಿಂದಕ್ಕೆ ಹೋಗಲು ರಸ್ತೆ ಇರಲಿಲ್ಲ, ಮುಂದಕ್ಕೇ ಹೋಗಬೇಕಾಯಿತು. ಅಲ್ಲಿನ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿ, ಉಳಿಯಲು ಒಂದು ಕೋಣೆ ಹಿಡಿದು, ಮಾಲಾ ಜರ್ಕಿನ್ ಕೂಡ ಬಿಚ್ಚದೆ ಮಲಗಿದಳು. ಮರುದಿನ ಮಧ್ಯಾಹ್ನದವರೆಗೂ ಏಳಲಿಲ್ಲ. ಅಷ್ಟರಲ್ಲಿ ಭೀಮೇಶ್ ಒಬ್ಬನೇ ಹೋಗಿ ಮಣ್ಣಿನ ಗೋಡೆಯ ವಿಹಾರ ನೋಡಿಕೊಂಡು ಬಂದಿದ್ದ. ಒಳಗೆ ಕತ್ತಲೆ ಇತ್ತು, ಗೋಡೆಯ ತುಂಬ ಚಿತ್ರ ಇದ್ದವು, ತಾನು ಹೆಚ್ಚು ಹೊತ್ತು ನಿಲ್ಲಲಿಲ್ಲ ಎಂದ. ಯಾಕೆ ಎಂದರೆ, ಕೋಣೆಯಲ್ಲಿ ನೀನು ಉಸಿರಾಡ್ತಾ ಇದೀಯಾ ಇಲ್ವಾ ಅಂತ ಯೋಚನೆ ಹತ್ತಿತು ಎಂದ. ಮಾಲಾ ತಾಬೊ ವಿಹಾರವನ್ನು ಇವತ್ತಿಗೂ ನೋಡಿಲ್ಲ. ಜಗಳೂರಿನ ಗೋಡೆಯ ಚಿತ್ರದಲ್ಲಿ ನೋಡಿದ್ದಷ್ಟೇ.

ರಸ್ತೆ ಬಿಡಿಸಿದ ಮೇಲೆ ಬಸ್ಸಿನಲ್ಲಿ ತಿರುಗಿ ಹೊರಟರು. ಗಾಡಿ ಲಾರಿಯಲ್ಲಿ ಹಿಂದೆ ಬರುವುದಿತ್ತು. ಕುಸಿದ ಜಾಗ ಹತ್ತಿರವಾದಂತೆ ಮಾಲಾ ಸೀಟಿನ ಅಂಚು ಹಿಡಿದುಕೊಂಡಳು. ಪಕ್ಕಕ್ಕೆ ನೋಡಿದರೆ ಭೀಮೇಶ್ ಮುಂದಿನ ಸೀಟಿನ ಸರಳನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ. ಹಣೆಯ ಮೇಲೆ ನರ ಉಬ್ಬಿತ್ತು. ನಲವತ್ತು ಅಡಿ ಮೇಲೆ ತಂತಿ ಹಿಡಿದು ನೇತಾಡುವ ಮನುಷ್ಯ.

"ದಾಟಿತಾ?" ಎಂದ ಕಣ್ಣು ಬಿಡದೆ.

"ಇನ್ನೂ ಇಲ್ಲ. ಈಗ ಹೊಸ ಮಣ್ಣಿನ ಮೇಲೆ ಬಂತು."

"ಮಾತಾಡ್ತಾ ಇರು. ನಿಲ್ಲಿಸಬ್ಯಾಡ."

ಅವಳು ಕಂಡದ್ದನ್ನೆಲ್ಲ ಹೇಳತೊಡಗಿದಳು. ಬಂಡೆ ಇನ್ನೂ ಮೇಲೇ ಇದೆ. ಜೆಸಿಬಿ ಪಕ್ಕಕ್ಕೆ ನಿಂತಿದೆ. ಕೆಳಗೆ ನದಿ ಇದೆ, ಹಳದಿ ಬ್ಯಾಗು ಕಾಣುತ್ತಿಲ್ಲ, ಕೊಚ್ಚಿಕೊಂಡು ಹೋಗಿರಬೇಕು. ಬಸ್ಸಿನ ಚಕ್ರ ಒಂದು ಕಡೆ ಹೂತು ಎಂಜಿನ್ ಅರಚಿತು, ಹಿಂದಿನ ಸೀಟಿನ ಹೆಂಗಸರು ಕೂಗಿಕೊಂಡರು, ಆದರೆ ಮಾಲಾ ಹೇಳುವುದನ್ನು ನಿಲ್ಲಿಸಲಿಲ್ಲ. ಈಚೆ ದಡದಲ್ಲಿ ಫುಲ್ಮನಿ ಬಾವುಟ ಹಿಡಿದು ನಿಂತಿದ್ದಳು. ಮಾಲಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿದಳು. ಫುಲ್ಮನಿ ಗುರುತಿಸಿ, ಕಚ್ಚಿದ ಗುರುತಿದ್ದ ಕೈಯನ್ನೇ ಎತ್ತಿ ತೋರಿಸಿ ನಕ್ಕಳು. ಬಸ್ಸು ನಿಲ್ಲಲಿಲ್ಲ.

ನಾಕೋದ ಬಸ್‌ಸ್ಟಾಂಡಿನ ಹತ್ತಿರ ಚಹಾ ಕುಡಿಯಲು ಇಳಿದರು. ಭೀಮೇಶನ ಲೋಟದಿಂದ ಚಹಾ ತುಳುಕಿ ಜರ್ಕಿನ್ನಿನ ಮೇಲೆ ಚೆಲ್ಲಿತು. ಮಾಲಾ ತನ್ನ ಲೋಟವನ್ನು ಬೆಂಚಿನ ಮೇಲಿಟ್ಟು, ಅವನದನ್ನು ತಾನೇ ಹಿಡಿದು ಕುಡಿಸಿದಳು.